ಕರಗಿಸಲು ಬರುವುದನ್ನೇ ತುಟಿಗೆ ತುಂಬಿಸಿಕೊಳ್ಳಿ

ನಮಸ್ಕಾರ. ಮಗಳ ಮದುವೆಗೆ ಮೂರು ತಿಂಗಳಿರುವಾಗ ನನ್ನ ಅಕ್ಕ ಕನ್ನಡಿಯ ಮುಂದೆ ನಿಂತು, ಮೇಲ್ದುಟಿಯನ್ನು ಬೆರಳಿನಿಂದ ಎಳೆದು ತೋರಿಸುತ್ತಾ, "ಇದು ಎಲ್ಲಿ ಹೋಯ್ತೇ?" ಎಂದು ಕೇಳಿದಳು. ಲಿಪ್‌ಸ್ಟಿಕ್ ಹಚ್ಚಲು ಜಾಗವೇ ಉಳಿದಿಲ್ಲ ಎಂಬುದು ಅವಳ ದೂರು. ಐವತ್ತೆರಡನೆಯ ವಯಸ್ಸಿನಲ್ಲಿ ಈ ಆಸೆ ಏಕೆ ಎಂದು ಮನೆಯಲ್ಲಿ ಕೆಲವರು ಗೊಣಗಿದರು. ನನಗೆ ಹಾಗೆನ್ನಿಸಲಿಲ್ಲ. ತುಟಿಯನ್ನು ಮಾಗಿದ ತೊಂಡೆಹಣ್ಣಿಗೆ ಹೋಲಿಸಿ ಬಿಂಬಾಧರವೆಂದು, ಚೆಂದುಟಿಯೆಂದು ಕೊಂಡಾಡಿಕೊಂಡು ಬಂದ ಭಾಷೆ ನಮ್ಮದು. ತನ್ನ ತುಟಿ ತುಂಬಿಕೊಂಡಿರಲಿ ಎಂದು ಒಬ್ಬಳು ಬಯಸಿದರೆ ಅದರಲ್ಲಿ ನಾಚಿಕೊಳ್ಳುವಂಥದ್ದೇನಿದೆ? ಆದರೆ ಆ ಆಸೆಯನ್ನು ಯಾರ ಕೈಯ ಸೂಜಿಗೆ ಒಪ್ಪಿಸುತ್ತೇವೆ ಎಂಬ ಆತಂಕ ನನಗಿತ್ತು, ಈಗಲೂ ಇದೆ. ಅದನ್ನೇ ಇಂದು ಹೇಳುತ್ತೇನೆ.

ವಯಸ್ಸಾದಂತೆ ಮೂಗಿನ ಬುಡದಿಂದ ತುಟಿಯಂಚಿನವರೆಗಿನ ಚರ್ಮ ಉದ್ದವಾಗುತ್ತದೆ, ತುಟಿಯ ಕೆಂಪು ಭಾಗ ತೆಳುವಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಬಿಸಿಲು ಮತ್ತು ಧೂಮಪಾನ ಇದನ್ನು ಬೇಗ ತರುತ್ತವೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ತುಟಿಗೆ ಹಿಂದಿನಿಂದ ಆಸರೆ ಕೊಡುವುದು ಹಲ್ಲು ಎಂಬುದನ್ನು ಮಾತ್ರ ಮರೆಯುತ್ತಾರೆ. ಬೊಚ್ಚುಬಾಯಿಯ ಅಜ್ಜಿ ಹಲ್ಲುಸೆಟ್ಟು ಹಾಕಿಕೊಂಡೊಡನೆ ಕುಸಿದ ತುಟಿ ಎದ್ದು ನಿಲ್ಲುವುದನ್ನು ನೀವೂ ಕಂಡಿರುತ್ತೀರಿ. ನಾವು ಹೋದ ಚರ್ಮರೋಗ ತಜ್ಞೆ ಮೊದಲು ನೋಡಿದ್ದು ಅಕ್ಕನ ಹಲ್ಲುಗಳನ್ನು. ಮೇಲ್ಸಾಲಿನ ಎರಡು ಮುಂಬಲ್ಲುಗಳು ಹೋಗಿ, ಆ ಜಾಗದಲ್ಲಿ ಹಳೆಯ, ಸಡಿಲವಾದ ಕಟ್ಟಿಸಿದ ಹಲ್ಲುಗಳಿದ್ದವು. "ಮೊದಲು ಇದನ್ನು ಸರಿಮಾಡಿಸಿಕೊಂಡು ಬನ್ನಿ, ತುಟಿಯ ಮಾತು ಆಮೇಲೆ ಆಡೋಣ" ಎಂದು ಕಳುಹಿಸಿಬಿಟ್ಟರು. ಬಂದ ಹಣವನ್ನು ಹೀಗೆ ಮುಂದಕ್ಕೆ ತಳ್ಳಬಲ್ಲ ವೈದ್ಯರ ಮೇಲೆ ನನಗೆ ಅಂದೇ ನಂಬಿಕೆ ಹುಟ್ಟಿತು.

ಇನ್ನು ತುಂಬಿಸುವ ವಸ್ತುವಿನ ವಿಚಾರ. ಇಂದು ಫಿಲ್ಲರ್ ಎಂದರೆ ಬಹುಮಟ್ಟಿಗೆ ಹೈಯಲುರೋನಿಕ್ ಆಸಿಡ್‌ನ ಜೆಲ್. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಹಸುವಿನ ಕಣ್ಣಿನೊಳಗಿನ ದ್ರವದಿಂದ ಇದನ್ನು ಮೊದಲು ಬೇರ್ಪಡಿಸಿದರು. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಇದು ಸಹಜವಾಗಿಯೇ ಇದ್ದು, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಇಂಥ ಜೆಲ್ ಒಂದನ್ನು ತುಟಿ ತುಂಬಿಸುವುದಕ್ಕೆಂದು 21 ವರ್ಷ ದಾಟಿದವರಿಗೆ ಒಪ್ಪಿತು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಹಸುವಿನ ಚರ್ಮದ ಪ್ರೋಟೀನಾದ ಕೊಲಾಜೆನ್‌ಗೆ ಮುಂಚಿತವಾಗಿ ಅಲರ್ಜಿ ಪರೀಕ್ಷೆ ಮಾಡಬೇಕಾಗಿತ್ತು, ಕೆಲವೇ ತಿಂಗಳಲ್ಲಿ ಅದು ಕರಗಿಯೂ ಹೋಗುತ್ತಿತ್ತು. ಹೈಯಲುರೋನಿಕ್ ಜೆಲ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ ಅದರ ದೊಡ್ಡ ಗುಣ ಆ ಬಾಳಿಕೆಯಲ್ಲಿಲ್ಲ. ಹೈಯಲುರೋನಿಡೇಸ್ ಎಂಬ ಕಿಣ್ವವನ್ನು ಚುಚ್ಚಿದರೆ ಅದನ್ನು ಕರಗಿಸಬಹುದು ಎಂಬುದರಲ್ಲಿದೆ.

ಕರಗಿಸುವ ಅಗತ್ಯವೇಕೆ ಎಂಬುದನ್ನು ಆ ವೈದ್ಯೆ ಅಕ್ಕನ ತುಟಿಯ ಮೇಲೆಯೇ ತೋರಿಸಿದರು. ಹೆಬ್ಬೆರಳಿನಿಂದ ಕೆಳದುಟಿಯನ್ನು ಒತ್ತಿ ಬಿಟ್ಟರು. ಬಿಳಿಚಿದ ಗುರುತು ಕ್ಷಣದಲ್ಲಿ ಮತ್ತೆ ಕೆಂಪಾಯಿತು. ಮೇಲ್ದುಟಿ, ಕೆಳದುಟಿ ಎರಡರಲ್ಲೂ ಅಡ್ಡಲಾಗಿ ಅಪಧಮನಿಗಳು ಹರಿಯುತ್ತವೆ. ಜೆಲ್ ಅವುಗಳೊಳಗೆ ಹೊಕ್ಕರೆ ರಕ್ತ ಮುಂದೆ ಹೋಗುವುದಿಲ್ಲ. ತುಟಿ ಸೀಮೆಸುಣ್ಣದಂತೆ ಬಿಳಿಚುತ್ತದೆ ಅಥವಾ ಬಲೆ ಹರಡಿದಂತೆ ನೇರಳೆ ಗೆರೆಗಳು ಮೂಡುತ್ತವೆ, ಒತ್ತಿ ಬಿಟ್ಟರೆ ಬಣ್ಣ ಬೇಗ ಮರಳುವುದಿಲ್ಲ. ಹಲವು ಜೆಲ್‌ಗಳಲ್ಲಿ ಮರಗಟ್ಟಿಸುವ ಔಷಧವೂ ಬೆರೆತಿರುವುದರಿಂದ ನೋವು ತಕ್ಷಣ ಗೊತ್ತಾಗದೆಯೂ ಇರಬಹುದು. ಕೂಡಲೇ ಕಿಣ್ವ ಕೊಡದಿದ್ದರೆ ಅಲ್ಲಿನ ಮಾಂಸ ಸಾಯಬಹುದು; ತೀರ ಅಪರೂಪಕ್ಕೆ ಕಣ್ಣಿನ ದೃಷ್ಟಿಯೇ ಹೋಗಬಹುದು. ಆದ್ದರಿಂದ ದರ ಕೇಳುವ ಮುನ್ನ, ಆ ಕಿಣ್ವ ಇದೇ ಕೋಣೆಯಲ್ಲಿ ಇದೆಯೇ ಎಂದು ಕೇಳಿ. ನಾವು ಕೇಳಿದೆವು. ಅವರು ಕಪಾಟು ತೆರೆದು ಪುಟ್ಟ ಬಾಟಲಿಯನ್ನು ತೋರಿಸಿ, ಅದರ ಮೇಲಿನ ಅವಧಿಯ ದಿನಾಂಕವನ್ನೂ ಓದಿದರು.

ಉಳಿದ ದಾರಿಗಳನ್ನು ನಾನು ಇದೇ ಅಳತೆಯಿಂದ ತೂಗುತ್ತೇನೆ. ದ್ರವ ಸಿಲಿಕೋನ್ ಶಾಶ್ವತ ಎಂದು ಹೇಳಿ ಮಾರುವವರಿದ್ದಾರೆ. ಅದನ್ನು ಕರಗಿಸುವ ಔಷಧವೇ ಇಲ್ಲ, ವರ್ಷಗಳ ಮೇಲೆ ಗಂಟು ಕಟ್ಟಿದರೆ ಅದನ್ನು ಹೊರತೆಗೆಯಲು ಕೊಯ್ಯಬೇಕಾಗಿ ಬರಬಹುದು. ಸೂಜಿಯಿಲ್ಲದ ಹೈಯಲುರಾನ್ ಪೆನ್ನು ಒತ್ತಡದಿಂದ ಜೆಲ್ ಚಿಮ್ಮಿಸುತ್ತದೆ, ಎಷ್ಟು ಆಳಕ್ಕೆ ಹೋಯಿತೆಂಬುದು ಹಿಡಿದವರ ಹತೋಟಿಯಲ್ಲಿರುವುದಿಲ್ಲ. ಅದನ್ನು ಬಳಸಬೇಡಿ ಎಂದು ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ಲಿಪ್ ಫ್ಲಿಪ್ ಎಂಬುದರಲ್ಲಿ ಬಾಯಿ ಸುತ್ತಲಿನ ಸ್ನಾಯುವಿಗೆ ಅದನ್ನು ಸಡಿಲಗೊಳಿಸುವ ಬೊಟಾಕ್ಸ್ ಚುಚ್ಚುಮದ್ದು ಕೊಟ್ಟು ತುಟಿ ಹೊರಮಗುಚುವಂತೆ ಮಾಡುತ್ತಾರೆ. ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಇದರ ಬಗ್ಗೆ ನನಗೆ ಅಂಥ ಹೆದರಿಕೆಯಿಲ್ಲ, ಆದರೆ ತುಟಿ ತುಂಬಿಕೊಳ್ಳುವುದಿಲ್ಲ, ಕೆಲವರಿಗೆ ಸ್ಟ್ರಾದಲ್ಲಿ ಎಳನೀರು ಹೀರುವುದೂ, ಪ-ಫ-ಬ-ಭ-ಮಗಳನ್ನು ಸ್ಪಷ್ಟವಾಗಿ ನುಡಿಯುವುದೂ ಕಷ್ಟವಾಗುತ್ತದೆ. ಪಾಠ ಮಾಡುವವರು, ಹಾಡುವವರು ಇದನ್ನು ಯೋಚಿಸಬೇಕು. ಮೂಗಿನ ಕೆಳಗೆ ಚರ್ಮ ಕತ್ತರಿಸಿ ಮೇಲ್ದುಟಿ ಎತ್ತುವ ಶಸ್ತ್ರಚಿಕಿತ್ಸೆ ಚೆನ್ನಾಗಿ ಕೆಲಸ ಮಾಡಬಲ್ಲದು. ಗಾಯದ ಗುರುತು ಮಾತ್ರ ಉಳಿಯುತ್ತದೆ, ನಮ್ಮ ಕಂದು ಚರ್ಮದಲ್ಲಿ ಅದು ಕಪ್ಪಾಗುವುದೂ ಉಂಟು.

ತುಟಿ ತುಂಬಿಸುವ ಕೆಲಸ ಮಾಡಬೇಕಾದವರು ಚರ್ಮರೋಗ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್‌ಗಳು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು. ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ. ಅಕ್ಕನಿಗೆ ಮೊದಲು ಆಸೆ ಹುಟ್ಟಿಸಿದ್ದು ಒಂದು ಬ್ಯೂಟಿ ಪಾರ್ಲರ್. ಒಂದೇ ಸಿರಿಂಜನ್ನು ಇಬ್ಬರಿಗೆ ಹಂಚಿದರೆ ಖರ್ಚು ಅರ್ಧವಾಗುತ್ತದೆ ಎಂದು ಅಲ್ಲಿ ಹೇಳಿದ್ದರಂತೆ. ಒಬ್ಬರ ರಕ್ತ ತಾಗಿದ ಸಿರಿಂಜು ಇನ್ನೊಬ್ಬರ ತುಟಿಗೆ ಹೋಗುವುದೆಂದರೇನು ಎಂದು ಯೋಚಿಸಿದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಹಲ್ಲು ಸರಿಯಾದ ಮೇಲೆ, ಮದುವೆಗೆ ಆರು ವಾರ ಉಳಿದಿರುವಾಗ ಅಕ್ಕ ಮತ್ತೆ ಹೋದಳು. ಬಾವು ಇಳಿದು ತುಟಿ ತನ್ನ ಆಕಾರಕ್ಕೆ ಬರಲು ಎರಡು ವಾರ ಬೇಕು, ಹೆಚ್ಚುಕಡಿಮೆಯಾದರೆ ತಿದ್ದಲೂ ಸಮಯ ಬೇಕು ಎಂದು ವೈದ್ಯೆಯೇ ಆ ದಿನ ಗೊತ್ತುಮಾಡಿದ್ದರು. ಜ್ವರ ಬಂದಾಗಲೆಲ್ಲ ಅವಳ ತುಟಿಯಂಚಿನಲ್ಲಿ ಗುಳ್ಳೆ ಏಳುತ್ತಿದ್ದುದರಿಂದ, ಚುಚ್ಚುಮದ್ದು ಅದನ್ನು ಕೆರಳಿಸದಿರಲೆಂದು ಮುಂಚಿತವಾಗಿಯೇ ಮಾತ್ರೆ ಕೊಟ್ಟರು. ಒಂದು ಮಿಲಿಯ ಸಿರಿಂಜಿನಲ್ಲಿ ಅರ್ಧ ಮಿಲಿ ಹೋದ ಮೇಲೆ ಕೈ ತಡೆದು, ಕನ್ನಡಿ ಕೊಟ್ಟು, "ಇಷ್ಟು ಸಾಕು" ಎಂದರು. ದುಡ್ಡು ಕೊಟ್ಟ ಇನ್ನರ್ಧ ಸಿರಿಂಜಿನಲ್ಲೇ ಉಳಿಯಿತಲ್ಲ ಎಂದು ಅಕ್ಕ ಅದನ್ನೇ ನೋಡುತ್ತಿದ್ದಳು. ವೈದ್ಯೆ ಅದನ್ನು ನಮ್ಮೆದುರಿಗೇ ಕಸದ ಡಬ್ಬಿಗೆ ಹಾಕಿ, ಪೆಟ್ಟಿಗೆಯ ಮೇಲಿದ್ದ ಬ್ಯಾಚ್ ಸಂಖ್ಯೆಯ ಚೀಟಿಯನ್ನು ಕಿತ್ತು ಅವಳ ಫೈಲಿಗೆ ಅಂಟಿಸಿದರು.