ಮತ್ತೆ ಕಟ್ಟಿದ ವಾರ್ಸಾ

ಕೇಳುಗರಿಗೆಲ್ಲ ನಮಸ್ಕಾರ.

ಪೋಲೆಂಡ್ ದೇಶದ ರಾಜಧಾನಿ ವಾರ್ಸಾದಲ್ಲಿ ಹಳೇ ಪಟ್ಟಣ ಅಂತ ಒಂದು ಭಾಗ ಇದೆ. ಕಲ್ಲು ಹಾಸಿದ ದೊಡ್ಡ ಚೌಕ. ಸುತ್ತ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಬಣ್ಣಬಣ್ಣದ ಮನೆಗಳು. ನಡುವೆ ಕತ್ತಿ ಹಿಡಿದ ಮತ್ಸ್ಯಕನ್ಯೆಯ ಪ್ರತಿಮೆ. ನೋಡಿದರೆ ಮುನ್ನೂರು ವರ್ಷದಿಂದ ಎಲ್ಲವೂ ಹೀಗೇ ನಿಂತಿದೆ ಅನ್ನಿಸುತ್ತದೆ. ಆದರೆ ಈಗ ಕಾಣುವ ಈ ಚೌಕ ಕಟ್ಟಿ ಮುಗಿದದ್ದು 1953ರಲ್ಲಿ.

1944ರ ಆಗಸ್ಟ್ 1ರಂದು ಎರಡನೇ ಮಹಾಯುದ್ಧದಲ್ಲಿ ಊರನ್ನು ಹಿಡಿದಿಟ್ಟುಕೊಂಡಿದ್ದ ಜರ್ಮನ್ ಸೇನೆಯ ವಿರುದ್ಧ ವಾರ್ಸಾದ ಜನ ದಂಗೆ ಎದ್ದರು. 63 ದಿನ ಹೋರಾಡಿದರು, ಸೋತರು. ಒಂದೂವರೆ ಲಕ್ಷಕ್ಕೂ ಹೆಚ್ಚು ನಾಗರಿಕರು ಸತ್ತರು. ಉಳಿದವರನ್ನೆಲ್ಲ ಊರಿನಿಂದ ಹೊರಗೆ ಹಾಕಿದರು. ನನ್ನನ್ನು ಹೆಚ್ಚು ಕಲಕಿದ್ದು ಆಮೇಲೆ ನಡೆದದ್ದು. ಹೋರಾಟ ಮುಗಿದಿತ್ತು, ಗುಂಡು ಹಾರಿಸುವವರು ಯಾರೂ ಇರಲಿಲ್ಲ. ಆದರೂ ಖಾಲಿ ಊರಿಗೆ ಸೈನಿಕರು ಬೀದಿ ಬೀದಿಯಾಗಿ ಬೆಂಕಿ ಹಚ್ಚಿದರು, ಡೈನಮೈಟ್ ಇಟ್ಟರು. ಗ್ರಂಥಾಲಯ, ಚರ್ಚು, ಅರಮನೆ, ಮನೆ, ಯಾವುದನ್ನೂ ಬಿಡಲಿಲ್ಲ. 1945ರ ಜನವರಿಯಲ್ಲಿ ಸೋವಿಯತ್ ಮತ್ತು ಪೋಲಿಷ್ ಸೇನೆ ಒಳಗೆ ಬಂದಾಗ ವಿಸ್ಟುಲಾ ನದಿಯ ಎಡದಂಡೆಯ ಊರಿನ ಸುಮಾರು ಶೇಕಡಾ 85ರಷ್ಟು ಭಾಗ ನಾಶವಾಗಿತ್ತು.

ರಾಜಧಾನಿಯನ್ನು ಬೇರೆ ಊರಿಗೆ ಒಯ್ಯೋಣ ಎಂಬ ಮಾತೂ ಆಗ ಬಂತು. ಜನ ಮಾತ್ರ ಯಾರ ತೀರ್ಮಾನಕ್ಕೂ ಕಾಯಲಿಲ್ಲ. ಚಳಿಯಲ್ಲೇ ವಾಪಸ್ ಬಂದು, ನೆಲಮಾಳಿಗೆಗಳಲ್ಲಿ ಇದ್ದುಕೊಂಡು, ಇಟ್ಟಿಗೆ ಆರಿಸಲು ಶುರು ಮಾಡಿದರು.

ಹೇಗೆ ಕಟ್ಟಿದರು ಗೊತ್ತಾ? ಇಟಲಿಯ ಚಿತ್ರಕಾರ ಬೆಲೊಟ್ಟೊ 18ನೇ ಶತಮಾನದಲ್ಲಿ ಪೋಲೆಂಡಿನ ರಾಜನಿಗಾಗಿ ಈ ನಗರದ ಬೀದಿಗಳನ್ನು ಬರೆದಿದ್ದ. ಕಿಟಕಿ, ಕಂಬ, ಚಾವಣಿ ಎಲ್ಲವನ್ನೂ ಬಿಡಿಬಿಡಿಯಾಗಿ ತೋರಿಸುವ ಚಿತ್ರಗಳು ಅವು. ಜೊತೆಗೆ, ಯುದ್ಧಕ್ಕೆ ಮೊದಲೂ ಯುದ್ಧದ ನಡುವೆಯೂ ಅಲ್ಲಿನ ವಾಸ್ತುಶಿಲ್ಪ ವಿದ್ಯಾರ್ಥಿಗಳು, ಅಧ್ಯಾಪಕರು ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡಿಟ್ಟಿದ್ದರು. ಜರ್ಮನ್ನರು ವಿಶ್ವವಿದ್ಯಾಲಯಗಳನ್ನೇ ಮುಚ್ಚಿದ್ದ ಕಾಲ ಅದು. ದಂಗೆ ಸೋತ ಮೇಲೆ ಆ ನಕ್ಷೆಗಳನ್ನು ಕದ್ದು ಸಾಗಿಸಿ ಬೇರೆ ಊರಿನ ಮಠವೊಂದರಲ್ಲಿ ಬಚ್ಚಿಟ್ಟರು. ಊರು ಉರಿಯುತ್ತಿರುವಾಗ ಅದರ ಅಳತೆಯನ್ನು ಕಾಪಾಡುವುದು ಅಂದರೆ ಎಂಥ ನಂಬಿಕೆ ಇರಬೇಕು! ವಾರ್ಸಾದಲ್ಲಿ ಅತಿ ಹೆಚ್ಚು ಗೌರವ ಹುಟ್ಟಿದ್ದು ನನಗೆ ಆ ವಿದ್ಯಾರ್ಥಿಗಳ ಮೇಲೆ.

ರಾಜರ ಕೋಟೆಯ ಸರದಿ ತಡವಾಗಿ ಬಂತು. 1971ರಲ್ಲಿ ಒಪ್ಪಿಗೆ ಸಿಕ್ಕಿ, ಜನರು ಕೊಟ್ಟ ದೇಣಿಗೆಯಿಂದ ಎದ್ದು, 1984ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹಳೇ ಪಟ್ಟಣ 1980ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು.

ಆದರೆ ಇಷ್ಟೊಂದು ಇಟ್ಟಿಗೆ ಎಲ್ಲಿಂದ ಬಂತು? ಬಹಳಷ್ಟು ಇಟ್ಟಿಗೆ ವ್ರೊತ್ಸ್ವಾಫ್‌ನಂಥ ಊರುಗಳಿಂದ ಬಂತು. ಯುದ್ಧ ಮುಗಿಯುವ ತನಕ ಅದು ಜರ್ಮನಿಯ ಊರು. ಅದೂ ಯುದ್ಧದಲ್ಲಿ ನುಚ್ಚುನೂರಾಗಿತ್ತು. ದುರಸ್ತಿ ಮಾಡಬಹುದಾಗಿದ್ದ ಮನೆಗಳನ್ನೂ ಅಲ್ಲಿ ಕೆಡವಿ ಇಟ್ಟಿಗೆ ಕಳಿಸಿದರು. ಒಂದು ಊರು ಎದ್ದು ನಿಲ್ಲಲು ಇನ್ನೊಂದು ಊರು ತನ್ನ ಗೋಡೆ ಕೊಡಬೇಕಾಯಿತು. ವಾರ್ಸಾದ ಹೆಮ್ಮೆಯ ಕಥೆ ಹೇಳುವಾಗ ಇದನ್ನೂ ಹೇಳಬೇಕು ಅಲ್ವಾ?

ಹಳೇ ಪಟ್ಟಣದಿಂದ ಸ್ವಲ್ಪ ನಡೆದರೆ ಮುರಾನೂಫ್ ಎಂಬ ಬಡಾವಣೆ. ನೋಡಲು ತೀರಾ ಸಾಧಾರಣ. ಮೂರು ನಾಲ್ಕು ಅಂತಸ್ತಿನ ಮನೆಗಳು, ಮರಗಳು, ಆಟವಾಡುವ ಮಕ್ಕಳು. ಒಂದು ಮಾತ್ರ ಕಣ್ಣಿಗೆ ಬೀಳುತ್ತದೆ. ಹಲವು ಮನೆಗಳು ರಸ್ತೆಗಿಂತ ಎತ್ತರದ ದಿಬ್ಬದ ಮೇಲಿವೆ. ಮೆಟ್ಟಿಲು ಹತ್ತಿ ಹೋಗಬೇಕು. ಆ ದಿಬ್ಬ ಮಣ್ಣಿನದಲ್ಲ, ಯಹೂದಿಗಳ ಘೆಟ್ಟೋದ ಅವಶೇಷ. 1940ರಲ್ಲಿ ಜರ್ಮನ್ನರು ಗೋಡೆ ಕಟ್ಟಿ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಅದರೊಳಗೆ ತುಂಬಿದ್ದರು. 1942ರ ಬೇಸಿಗೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ರೈಲಿನಲ್ಲಿ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಒಯ್ದು ಕೊಂದರು. ಉಳಿದವರು 1943ರ ಏಪ್ರಿಲ್‌ನಲ್ಲಿ ದಂಗೆ ಎದ್ದರು. ಅದನ್ನು ಅಡಗಿಸಿ ಇಡೀ ಪ್ರದೇಶವನ್ನು ನೆಲಸಮ ಮಾಡಿದರು. ಯುದ್ಧದ ನಂತರ ಅಷ್ಟು ಕಲ್ಲುಮಣ್ಣು ಸಾಗಿಸಲು ಆಗದೆ ಅದರ ಮೇಲೆಯೇ, ಅದನ್ನೇ ಪುಡಿ ಮಾಡಿ ಮಾಡಿದ ಇಟ್ಟಿಗೆಗಳಿಂದಲೇ ಹೊಸ ಮನೆ ಕಟ್ಟಿದರು.

ಇಲ್ಲಿಗೆ ಹಳೆಯ ಚಿತ್ರ ನೋಡಿ ಹಳೆಯ ಬೀದಿಯನ್ನು ಯಾರೂ ಮರಳಿ ತರಲಿಲ್ಲ. ಹಳೇ ಪಟ್ಟಣಕ್ಕೆ ವಾಪಸ್ ಬರುವ ಜನ ಇದ್ದರು. ಈ ಬೀದಿಗಳಿಗೆ ಬರಬೇಕಾದವರು ಬದುಕಿರಲಿಲ್ಲ. ಪುನರ್ನಿರ್ಮಾಣ ಅಂದಾಗ ನಾವು ಕಟ್ಟಡವನ್ನಷ್ಟೇ ನೋಡುತ್ತೇವೆ. ಯುದ್ಧದಲ್ಲಿ ಹೋದದ್ದನ್ನು ಮತ್ತೆ ಕಟ್ಟಬಹುದು ಅನ್ನುವವರು ಈ ಮೆಟ್ಟಿಲುಗಳನ್ನು ಒಮ್ಮೆ ಹತ್ತಬೇಕು.

ಇದೇ ಬಡಾವಣೆಯಲ್ಲಿ ಘೆಟ್ಟೋ ವೀರರ ಸ್ಮಾರಕ ಇದೆ. 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್ ಇಲ್ಲಿ ಹೂವಿಟ್ಟು, ಒದ್ದೆ ನೆಲದ ಮೇಲೆ ಮಂಡಿಯೂರಿದರು. ಅವರು ನಾಜಿಗಳನ್ನು ವಿರೋಧಿಸಿ ದೇಶ ಬಿಟ್ಟವರು. ಆ ಪಾಪ ಅವರದಾಗಿರಲಿಲ್ಲ. ಅದಕ್ಕೂ ಐದು ವರ್ಷ ಮೊದಲು ಪೋಲೆಂಡಿನ ಬಿಷಪ್‌ಗಳು ಜರ್ಮನ್ ಬಿಷಪ್‌ಗಳಿಗೆ ಪತ್ರ ಬರೆದು, ನಾವು ಕ್ಷಮಿಸುತ್ತೇವೆ, ನೀವೂ ನಮ್ಮನ್ನು ಕ್ಷಮಿಸಿ ಅಂದಿದ್ದರು. ನಾವೇಕೆ ಕ್ಷಮೆ ಕೇಳಬೇಕು ಎಂದು ಪೋಲೆಂಡಿನಲ್ಲಿ ಹಲವರು ಸಿಟ್ಟಾದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಯಾರಾದರೊಬ್ಬರು ಮೊದಲು ಮಾತಾಡದೆ ಶಾಂತಿ ಬರುವುದಿಲ್ಲ.

ನಮಗೆ ಹತ್ತಿರದ ಸಂಗತಿಯೊಂದು ಈ ನಗರದಲ್ಲಿದೆ. ಯುದ್ಧದ ಮೊದಲ ವರ್ಷಗಳಲ್ಲಿ ಸೋವಿಯತ್ ಆಡಳಿತ ಲಕ್ಷಾಂತರ ಪೋಲಿಷ್ ಜನರನ್ನು ಸೈಬೀರಿಯಾದ ಕಡೆ ಸಾಗಿಸಿತ್ತು. ಬಿಡುಗಡೆಯಾದವರಲ್ಲಿ ಕೆಲವರು ಇರಾನ್ ದಾಟಿ ಭಾರತಕ್ಕೆ ಬಂದರು. ಈಗಿನ ಗುಜರಾತಿನಲ್ಲಿರುವ ನವಾನಗರದ ಮಹಾರಾಜ ದಿಗ್ವಿಜಯಸಿಂಹಜಿ ಅನಾಥ ಮಕ್ಕಳಿಗೆ ಆಸರೆ ಕೊಟ್ಟರು. ನಮ್ಮ ನಿಪ್ಪಾಣಿಗೆ ಹತ್ತಿರದ ಕೊಲ್ಹಾಪುರದ ಪಕ್ಕ, ವಳಿವಡೆಯಲ್ಲಿ 1943ರಿಂದ 1948ರ ತನಕ ಸುಮಾರು 5,000 ಜನ ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ವಾರ್ಸಾದಲ್ಲಿ ಆ ಮಹಾರಾಜರ ಹೆಸರಿನ ಚೌಕವಿದೆ, ಕೊಲ್ಹಾಪುರಕ್ಕೂ ಒಂದು ಸ್ಮಾರಕವಿದೆ. 2022ರಲ್ಲಿ ಉಕ್ರೇನಿನಿಂದ ಓಡಿಬಂದ ತಾಯಂದಿರು, ಮಕ್ಕಳು ರೈಲು ಇಳಿದಾಗ ವಾರ್ಸಾದ ಸಾಮಾನ್ಯ ಜನ ಊಟ, ಬಟ್ಟೆ ಹಿಡಿದು ನಿಲ್ದಾಣಕ್ಕೆ ಬಂದರು. ಎಷ್ಟೋ ಜನ ತಮ್ಮ ಮನೆಯಲ್ಲೇ ಜಾಗ ಕೊಟ್ಟರು.

ನಿಮಗೆ ವಾರ್ಸಾಕ್ಕೆ ಹೋಗುವ ಅವಕಾಶ ಸಿಕ್ಕರೆ ಹಳೇ ಪಟ್ಟಣದಲ್ಲಿ ಫೋಟೊ ತೆಗೆದುಕೊಂಡು ಸುಮ್ನೆ ವಾಪಸ್ ಬರಬೇಡಿ. ಮುರಾನೂಫ್‌ಗೆ ಅರ್ಧ ದಿನ ಇಟ್ಟುಕೊಳ್ಳಿ. ಘೆಟ್ಟೋದ ಗೋಡೆ ಇದ್ದ ಜಾಗವನ್ನು ಪಾದಚಾರಿ ದಾರಿಯಲ್ಲಿ ಅಲ್ಲಲ್ಲಿ ಲೋಹದ ಪಟ್ಟಿ ಹಾಕಿ ಗುರುತು ಮಾಡಿದ್ದಾರೆ. ನೆಲ ನೋಡಿಕೊಂಡು ನಡೆದರೆ ಸಿಗುತ್ತದೆ. ನಮಸ್ಕಾರ.