ಸ್ಕ್ರಾಲ್ ಸಾ: ಹೊಸತೋ, ಬಳಸಿದ್ದೋ?

[ದೃಶ್ಯ: ಮೇಜಿನ ಮೇಲೆ ಸ್ಕ್ರಾಲ್ ಸಾ, ಪಕ್ಕದಲ್ಲಿ ಅರ್ಧ ಕೊಯ್ದ ಜಾಲರಿ ಹಲಗೆ]

ನಮಸ್ಕಾರ. ಹಲಗೆಯಲ್ಲಿ ಹೂಬಳ್ಳಿ, ಅಕ್ಷರ, ಜಾಲರಿಗಳನ್ನು ಕೊಯ್ಯುವ ಆಸೆಯಿಂದ ಸ್ಕ್ರಾಲ್ ಸಾ, ಅಂದರೆ ತೆಳು ಬ್ಲೇಡಿನ ಗರಗಸದ ಯಂತ್ರ, ಕೊಳ್ಳಲು ಹೊರಟವರ ಮುಂದೆ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ. ಒಂದು, ಆನ್‌ಲೈನ್‌ನಲ್ಲಿ ಸಿಗುವ 16 ಇಂಚಿನ ಹೊಸ ಹಗುರ ಯಂತ್ರ. ಇನ್ನೊಂದು, ಯಾರೋ ಕೆಲವು ವರ್ಷ ಬಳಸಿ ಮಾರಲು ಇಟ್ಟಿರುವ ಭಾರವಾದ ಯಂತ್ರ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಾರುವವರು ಯಂತ್ರವನ್ನು ನಿಮ್ಮೆದುರು ಓಡಿಸಿ, ನಿಮ್ಮ ಕೈಯಿಂದಲೇ ಒಂದು ತುಂಡು ಮರ ಕೊಯ್ಯಲು ಬಿಡುವುದಾದರೆ ಬಳಸಿದ ಭಾರದ ಯಂತ್ರವೇ ಮೇಲು. ಬಿಡದಿದ್ದರೆ, ಅದು ಎಷ್ಟೇ ಅಗ್ಗವಾಗಿದ್ದರೂ ಹೊಸತೇ ವಾಸಿ.

ಭಾರಕ್ಕೆ ಇಷ್ಟು ಮಹತ್ವ ಏಕೆ ಎಂಬುದು ಯಂತ್ರದ ಕೆಲಸ ನೋಡಿದರೆ ತಿಳಿಯುತ್ತದೆ. ಮೇಲಿನ ಮತ್ತು ಕೆಳಗಿನ ಎರಡು ತೋಳುಗಳ ನಡುವೆ 5 ಇಂಚಿನ ತೆಳು ಬ್ಲೇಡನ್ನು ಬಿಗಿದು, ನಿಮಿಷಕ್ಕೆ ನಾನ್ನೂರರಿಂದ ಸಾವಿರದ ಏಳುನೂರರವರೆಗೂ ಸಲ ಮೇಲೆ ಕೆಳಗೆ ಆಡಿಸುವುದೇ ಇದರ ಕೆಲಸ. ತೋಳುಗಳು ಪ್ರತಿ ಸಲ ದಿಕ್ಕು ಬದಲಿಸುವಾಗ ಹುಟ್ಟುವ ಅದುರುವಿಕೆಯನ್ನು ಯಂತ್ರದ ಮೈ ತಡೆದುಕೊಳ್ಳಬೇಕು. ತಡೆಯದಿದ್ದರೆ ಪೆನ್ಸಿಲ್ ಗೆರೆ ಕಣ್ಣಿಗೆ ಮಸುಕಾಗುತ್ತದೆ, ಕೈ ಬೇಗ ಸೋಲುತ್ತದೆ. ಡಿವಾಲ್ಟ್ ಕಂಪನಿಯ 20 ಇಂಚಿನ ಡಿಡಬ್ಲ್ಯೂ 788 ಮಾದರಿ ಸುಮಾರು 25 ಕಿಲೋ ತೂಗುತ್ತದೆ, ಅಗ್ಗದ 16 ಇಂಚಿನ ಯಂತ್ರಗಳು ಬಹುತೇಕ ಅದರ ಅರ್ಧದಷ್ಟು ತೂಗುತ್ತವೆ. ಇಲ್ಲಿ ಇಂಚು ಎಂದರೆ ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಅಂತರವೇ ಹೊರತು ಕೊಯ್ಯಬಲ್ಲ ಮರದ ದಪ್ಪವಲ್ಲ. ದಪ್ಪದ ಮಿತಿ ಹೆಚ್ಚಿನ ಯಂತ್ರಗಳಲ್ಲಿ 2 ಇಂಚಿನ ಆಸುಪಾಸಿನಲ್ಲೇ ಇರುತ್ತದೆ.

[ದೃಶ್ಯ: ಎರಡು ಬಗೆಯ ಬ್ಲೇಡುಗಳು ಹತ್ತಿರದಿಂದ]

ಹೊಸತಾಗಲಿ ಹಳೆಯದಾಗಲಿ, ಮೊದಲು ಕೇಳಬೇಕಾದದ್ದು ಬ್ಲೇಡ್ ಹಿಡಿಯುವ ಬಗೆ. ತುದಿಯಲ್ಲಿ ಅಡ್ಡ ಪಿನ್ ಇರುವ ಬ್ಲೇಡನ್ನು ಸಿಕ್ಕಿಸುವುದು ಸುಲಭ. ಆದರೆ ಜಾಲರಿಯ ಒಳಭಾಗ ಕೊಯ್ಯಲು ಅದನ್ನು ತೂರಿಸಬೇಕೆಂದರೆ ಆ ಪಿನ್ ಹಿಡಿಯುವಷ್ಟು ದೊಡ್ಡ ತೂತು ಕೊರೆಯಬೇಕಾಗುತ್ತದೆ, ಸೂಕ್ಷ್ಮ ವಿನ್ಯಾಸದಲ್ಲಿ ಆ ತೂತೇ ಎದ್ದು ಕಾಣುತ್ತದೆ. ಪಿನ್ ಇಲ್ಲದ ಬ್ಲೇಡಿಗೆ ಒಂದೂವರೆ ಮಿಲಿಮೀಟರಿನ ತೂತೇ ಧಾರಾಳ. ಪಿನ್ ಬ್ಲೇಡನ್ನು ಮಾತ್ರ ಹಿಡಿಯುವ ಯಂತ್ರವನ್ನು ಕುಸುರಿ ಕೆಲಸಕ್ಕಾಗಿ ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ, ಅದು ಪೆಟ್ಟಿಗೆ ತೆರೆಯದ ಹೊಸ ಯಂತ್ರವೇ ಆಗಿದ್ದರೂ ಸರಿ.

ಈಗ ಬಳಸಿದ ಯಂತ್ರದ ಪರೀಕ್ಷೆ. ಹೋಗುವಾಗ ಪಿನ್ ಇಲ್ಲದ 5ನೇ ನಂಬರಿನ (ಮಧ್ಯಮ ಗಾತ್ರದ) ಕೆಲವು ಹೊಸ ಬ್ಲೇಡು, ಒಂದೂವರೆ ಇಂಚು ದಪ್ಪದ ಮರದ ತುಂಡು ಮತ್ತು ಒಂದು ಚಿಕ್ಕ ಮೂಲೆಮಟ್ಟವನ್ನು ಜೊತೆಗೆ ಒಯ್ಯಿರಿ. ಮೊದಲು ಪ್ಲಗ್ ಕಿತ್ತು, ಬ್ಲೇಡ್ ಬಿಚ್ಚಿ, ಮೇಲಿನ ತೋಳಿನ ಮುಂತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡಿಸಿ. ತೋಳು ಮೇಲೆ ಕೆಳಗೆ ಮಾತ್ರ ಆಡಬೇಕು. ಪಕ್ಕಕ್ಕೆ ಟಕಟಕ ಎಂದು ಸಡಿಲ ತೋರಿದರೆ ಕೀಲಿನ ಬುಷ್ ಅಥವಾ ಬೇರಿಂಗ್ ಸವೆದಿದೆ ಎಂದರ್ಥ. ಬಳಿಕ ಬ್ಲೇಡ್ ಹಿಡಿಯುವ ಕ್ಲ್ಯಾಂಪಿನ ಸ್ಕ್ರೂ ತಿರುಗಿಸಿ ನೋಡಿ. ವರ್ಷಗಟ್ಟಲೆ ಇಕ್ಕಳ ಹಾಕಿ ಬಿಗಿದ ಸ್ಕ್ರೂವಿನ ಮರೆ (ಥ್ರೆಡ್) ಹಾಳಾಗಿರುತ್ತದೆ, ಕ್ಲ್ಯಾಂಪಿನ ಒಳಮೈ ನುಣುಪಾಗಿ ಬ್ಲೇಡ್ ಜಾರುತ್ತಿರುತ್ತದೆ. ನಿಮ್ಮ ಹೊಸ ಬ್ಲೇಡನ್ನು ಹಾಕಿ, ಬಿಗಿದು, ಬೆರಳಿನಿಂದ ತಂಬೂರಿಯ ತಂತಿಯಂತೆ ಮೀಟಿ. ಸ್ಪಷ್ಟವಾದ ನಾದ ಬಂದು, ಎರಡು ನಿಮಿಷ ಓಡಿಸಿದ ಮೇಲೂ ಅದೇ ನಾದ ಉಳಿದರೆ ಕ್ಲ್ಯಾಂಪ್ ಚೆನ್ನಾಗಿದೆ.

[ದೃಶ್ಯ: ಮರದ ತುಂಡಿನಲ್ಲಿ ಸಣ್ಣ ಗೀರು ಕೊಯ್ಯುವುದು]

ಯಂತ್ರದ ಮೇಜು, ಅಂದರೆ ಮರವನ್ನು ಇಟ್ಟು ತಳ್ಳುವ ತಟ್ಟೆ, ಬ್ಲೇಡಿಗೆ ನೇರ ಲಂಬವಾಗಿದೆಯೇ ಎಂಬುದನ್ನು ಮೂಲೆಮಟ್ಟವೂ ಹೇಳುತ್ತದೆ. ಅದಕ್ಕಿಂತ ನಂಬಿಕೆಯ ವಿಧಾನ ಇನ್ನೊಂದಿದೆ. ದಪ್ಪ ತುಂಡಿನ ಅಂಚಿನಲ್ಲಿ ಸ್ವಲ್ಪವೇ ಕೊಯ್ದು ಯಂತ್ರವನ್ನು ನಿಲ್ಲಿಸಿ. ತುಂಡನ್ನು ಬ್ಲೇಡಿನ ಹಿಂಬದಿಗೆ ತಂದು, ಕೊಯ್ದ ಗೀರು ಬ್ಲೇಡಿನ ಬೆನ್ನಿಗೆ ಎದುರಾಗುವಂತೆ ತಿರುಗಿಸಿ ಮುಂದಕ್ಕೆ ತಳ್ಳಿ. ಬ್ಲೇಡಿನ ಬೆನ್ನು ಗೀರಿನೊಳಗೆ ಮೇಲಿಂದ ಕೆಳಗಿನವರೆಗೆ ಸರಾಗವಾಗಿ ಕುಳಿತರೆ ಮೇಜು ನೇರವಾಗಿದೆ. ಕೂರದಿದ್ದರೆ ಮೇಜಿನ ಓರೆಯನ್ನು ಸರಿಪಡಿಸಿ ಮತ್ತೊಮ್ಮೆ ನೋಡಿ; ಸರಿಪಡಿಸಿದ ಮೇಲೂ ನಿಲ್ಲದ ಮೇಜಿದ್ದರೆ ಆ ವ್ಯವಹಾರವನ್ನೇ ಬಿಡಿ.

ಓಡಿಸುವಾಗ ವೇಗದ ಗುಂಡಿಯನ್ನು ಕನಿಷ್ಠದಿಂದ ಗರಿಷ್ಠಕ್ಕೆ ನಿಧಾನವಾಗಿ ತಿರುಗಿಸುತ್ತಾ ಹೋಗಿ. ವೇಗ ಒಮ್ಮೆಲೇ ನೆಗೆದರೆ ಗುಂಡಿ ಅಥವಾ ಅದರ ಹಿಂದಿರುವ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟಿದೆ. ಭಾರತದಲ್ಲಿ ಮಾರಾಟವಾಗದ ಮಾದರಿಗೆ ಆ ಬೋರ್ಡ್ ಹುಡುಕುವುದು ತಲೆನೋವಿನ ಕೆಲಸ. ಲಯಬದ್ಧವಾದ ಬಡಿತದ ಸದ್ದು ಬಂದರೆ ಬೇರಿಂಗನ್ನು ಅನುಮಾನಿಸಿ. ಯಂತ್ರ ಅದುರುವುದಿಲ್ಲ ಎನ್ನಲು, ಅದು ಓಡುತ್ತಿರುವಾಗಲೇ ಮೇಜಿನ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ತೋರಿಸುವ ಮಾರಾಟಗಾರರೂ ಇದ್ದಾರೆ. ನೋಡಲು ಸೊಗಸು, ಆದರೆ ಯಂತ್ರವನ್ನು ಬೋಲ್ಟ್ ಹಾಕಿ ಕೂರಿಸಿದ ಬೆಂಚಿನ ಗುಣವೂ ಅದರಲ್ಲಿ ಸೇರಿರುವುದರಿಂದ ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಹಾಗೆಯೇ, ನೇರ ಗೆರೆಯ ಮೇಲೆ ಬ್ಲೇಡ್ ಸ್ವಲ್ಪ ಒಂದು ಬದಿಗೆ ಎಳೆಯುವುದನ್ನು ಕಂಡು ಯಂತ್ರವನ್ನು ದೂರಬೇಡಿ. ಬ್ಲೇಡ್ ತಯಾರಿಸುವಾಗ ಒಂದು ಬದಿಯಲ್ಲಿ ಉಳಿಯುವ ಸಣ್ಣ ಅಂಚಿನಿಂದ ಆಗುವ ಎಳೆತ ಅದು. ಹೊಸ ಯಂತ್ರದಲ್ಲೂ ಇರುತ್ತದೆ, ಮರವನ್ನು ತುಸು ಓರೆಯಾಗಿ ತಳ್ಳಿದರೆ ಸರಿಹೋಗುತ್ತದೆ.

ಅಮೆರಿಕದಲ್ಲಿರುವ ನಮ್ಮವರು ಊರಿಗೆ ಮರಳುವಾಗ ಅಲ್ಲಿಯ ಯಂತ್ರವನ್ನು ಸಾಮಾನಿನ ಜೊತೆ ತರುವುದುಂಟು. ಅಲ್ಲಿಯ ವಿದ್ಯುತ್ತು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ವೋಲ್ಟೇಜಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು, ಆದರೆ ಅದು ಹರ್ಟ್ಜನ್ನು ಬದಲಿಸುವುದಿಲ್ಲ. ಹರ್ಟ್ಜಿಗೆ ತಕ್ಕ ವೇಗದಲ್ಲಿ ತಿರುಗುವ ಇಂಡಕ್ಷನ್ ಮೋಟರ್ ಇರುವ ಯಂತ್ರ ಇಲ್ಲಿ ಸುಮಾರು ಆರನೇ ಒಂದು ಭಾಗ ನಿಧಾನವಾಗಿ ಓಡುತ್ತದೆ, ಹೆಚ್ಚು ಬಿಸಿಯೂ ಆಗಬಹುದು. ಮೋಟರಿನ ಫಲಕದಲ್ಲಿ 50/60 ಎಂದು ಬರೆದಿದೆಯೇ ಎಂದು ಓದಿ ನೋಡಿದ ಮೇಲೆಯೇ ಮುಂಗಡ ಕೊಡಿ.

ಹೊಸ ಯಂತ್ರದ ಪರ ಹೇಳಬೇಕಾದದ್ದು ಚಿಕ್ಕದು, ಆದರೆ ಗಟ್ಟಿಯಾದದ್ದು: ವಾರಂಟಿ ಇರುತ್ತದೆ, ಬಿಡಿಭಾಗ ಸಿಗುತ್ತದೆ, ಸರಿಯಿಲ್ಲದಿದ್ದರೆ ಹಿಂದಿರುಗಿಸಬಹುದು. ಈ ಕೆಲಸ ತಮಗೆ ಒಗ್ಗುತ್ತದೆಯೇ ಎಂದು ಇನ್ನೂ ಗೊತ್ತಿಲ್ಲದವರಿಗೆ, ಯಂತ್ರ ಬಿಚ್ಚಿ ಗ್ರೀಸ್ ಹಚ್ಚುವ ಅಭ್ಯಾಸವಿಲ್ಲದವರಿಗೆ, ಪಿನ್ ಇಲ್ಲದ ಬ್ಲೇಡನ್ನೂ ಹಿಡಿಯುವ, ವೇಗ ಬದಲಿಸಬಹುದಾದ ಹೊಸ ಯಂತ್ರ ಸಾಕು. ಬಳಸಿದ ಯಂತ್ರಕ್ಕೆ ಅದೇ ಮಾದರಿಯ ಹೊಸ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೇಳಿದರೆ ನಾನಾದರೆ ಚೌಕಾಸಿಗೆ ಇಳಿಯುತ್ತೇನೆ. ಬೇರಿಂಗ್, ಕ್ಲ್ಯಾಂಪ್, ಡಜನ್‌ಗಟ್ಟಲೆ ಕೊಳ್ಳಬೇಕಾದ ಬ್ಲೇಡುಗಳ ಖರ್ಚು ಮುಂದೆ ಕಾದೇ ಇರುತ್ತದೆ.

[ದೃಶ್ಯ: ಯಂತ್ರವನ್ನು ಕಾರಿಗೆ ಏರಿಸುವುದು]

ವ್ಯವಹಾರ ಕುದುರಿದರೆ, ಬ್ಲೇಡ್ ಬಿಚ್ಚಿ, ಮೇಲಿನ ತೋಳನ್ನು ಹಗ್ಗದಿಂದ ಮೈಗೆ ಕಟ್ಟಿ, ಯಂತ್ರವನ್ನು ಬುಡದಿಂದಲೇ ಎತ್ತಿ. ತೋಳು ಹಿಡಿದು ಎತ್ತಿದರೆ ನೀವು ಇಷ್ಟು ಹೊತ್ತು ಪರೀಕ್ಷಿಸಿದ ಕೀಲಿನ ಮೇಲೆಯೇ ಪೂರಾ ಭಾರ ಬೀಳುತ್ತದೆ.