ಲೆಕ್ಕ ಬಾರದ ಮಗುವಿನ ಮೆದುಳು ಜಾಸ್ತಿ ದುಡಿಯುತ್ತದೆ

[ಪರದೆ: ಹಾಳೆಯ ಮೇಲೆ 8 + 5. ಪುಟ್ಟ ಕೈಯೊಂದು ಬೆರಳು ಮಡಚುತ್ತಿದೆ.]

ಎಂಟಕ್ಕೆ ಐದು ಕೂಡಿಸಿದರೆ ಎಷ್ಟು? ಮೂರನೇ ತರಗತಿಗೆ ಬಂದ ಮೇಲೂ ಕೆಲವು ಮಕ್ಕಳು ಇದಕ್ಕೆ ಬೆರಳು ಮಡಚುತ್ತಾರೆ. ನಿನ್ನೆ ಹೇಳಿಕೊಟ್ಟಿದ್ದನ್ನು ಇವತ್ತು ಮತ್ತೆ ಮೊದಲಿಂದ ಹೇಳಬೇಕು. "ಇವನು ತಲೆ ಓಡಿಸುವುದೇ ಇಲ್ಲ" ಅಂತ ದೊಡ್ಡವರು ತೀರ್ಮಾನ ಮಾಡಿಬಿಡುತ್ತಾರೆ. ಸ್ಕ್ಯಾನ್‌ನಲ್ಲಿ ಕಂಡಿದ್ದು ಇದರ ಉಲ್ಟಾ.

ಬುದ್ಧಿ ಚುರುಕಾಗಿದ್ದು, ಪಾಠ ಚೆನ್ನಾಗಿ ಸಿಕ್ಕರೂ ಲೆಕ್ಕ ಮಾತ್ರ ಹತ್ತದೇ ಇರುವ ತೊಂದರೆಗೆ ಡಿಸ್ಕ್ಯಾಲ್ಕುಲಿಯಾ ಎನ್ನುತ್ತಾರೆ. ನೂರು ಮಕ್ಕಳಲ್ಲಿ ಸುಮಾರು 3ರಿಂದ 7 ಮಕ್ಕಳಿಗೆ ಇದಿರುತ್ತದೆ.

[ಪರದೆ: ಎಂಆರ್‌ಐ ಯಂತ್ರ]

ಮೆದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ಫಂಕ್ಷನಲ್ ಎಂಆರ್‌ಐ ಹಿಡಿಯುವುದು ಅದನ್ನೇ. ಸೂಜಿ ಚುಚ್ಚುವುದಿಲ್ಲ, ಎಕ್ಸ್‌ರೇ ಬೇಕಿಲ್ಲ. ಸದ್ದು ಮಾತ್ರ ಜೋರು. ಅಲುಗಾಡದೆ ಮಲಗಬೇಕು, ಮಕ್ಕಳಿಗೆ ಅದೇ ಕಷ್ಟ!

[ಪರದೆ: ಮೆದುಳಿನ ಚಿತ್ರ, ಮೇಲೆ ಹಿಂಬದಿಗೆ ಒಂದು ಸೀಳು]

ಈ ಸೀಳಿನ ಹೆಸರು ಇಂಟ್ರಾಪರೈಟಲ್ ಸಲ್ಕಸ್. ಯಾವುದು ಜಾಸ್ತಿ, ಯಾವುದು ಕಡಿಮೆ ಅಂತ ಅಂದಾಜು ಮಾಡುವಾಗ ಇದು ಚುರುಕಾಗುತ್ತದೆ. ಎರಡು ಗುಂಪುಗಳ ಎಣಿಕೆ ಹತ್ತಿರ ಹತ್ತಿರ ಇದ್ದರೆ ಇದಕ್ಕೆ ಕೆಲಸ ಹೆಚ್ಚು. ಆದರೆ ಡಿಸ್ಕ್ಯಾಲ್ಕುಲಿಯಾ ಇರುವ ಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ ಎಂದು 2007ರ ಒಂದು ಅಧ್ಯಯನ ತೋರಿಸಿತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಮೆದುಳು ವಿಜ್ಞಾನಿ ವಿನೋದ್ ಮೆನನ್ ಅವರ ತಂಡ ಪ್ರಕಟಿಸಿದ ಕೆಲಸ. ಲೆಕ್ಕ ಕಷ್ಟವಾಗುವ 15 ಮಕ್ಕಳು, ಹಾಗಿಲ್ಲದ 15 ಮಕ್ಕಳು, ಎಲ್ಲರೂ ಮೂರನೇ ತರಗತಿಯವರು. ಸಣ್ಣ ಗುಂಪು, ನಿಜ. ಸುಲಭದ ಕೂಡುವ ಲೆಕ್ಕಕ್ಕೇ ಮೊದಲ ಗುಂಪಿನ ಮಕ್ಕಳ ಮೆದುಳು ಎಷ್ಟೋ ಕಡೆ ಮಿಕ್ಕವರಿಗಿಂತ ಜಾಸ್ತಿ ದುಡಿಯುತ್ತಿತ್ತು. ಇವರನ್ನೇ ನಾವು ಸೋಮಾರಿ ಅಂತ ಬೈಯುವುದು!

ಆಮೇಲೆ ಎಂಟು ವಾರ ಪಾಠ. ಒಬ್ಬ ಮಗುವಿಗೆ ಒಬ್ಬರೇ ಶಿಕ್ಷಕರು. ಮೊದಲು ಸಂಖ್ಯೆಗಳ ಅರ್ಥ ಬಿಡಿಸಿ ಹೇಳುವುದು, ಜೊತೆಗೆ ಬೇಗ ಉತ್ತರಿಸುವ ಅಭ್ಯಾಸ. ಮತ್ತೆ ಸ್ಕ್ಯಾನ್ ಮಾಡಿದಾಗ ಆ ಮಿತಿಮೀರಿದ ದುಡಿಮೆ ಇಳಿದಿತ್ತು. ಎರಡೂ ಗುಂಪುಗಳ ಮೆದುಳಿನ ಚಿತ್ರಗಳು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿದ್ದವು. ಉತ್ತರಗಳೂ ಸುಧಾರಿಸಿದ್ದವು.

ಇದರ ಜೊತೆ ಭಯವೂ ಇದೆ, ಅಲ್ವಾ? ಲೆಕ್ಕಕ್ಕೆ ಹೆದರುವ 7ರಿಂದ 9 ವರ್ಷದ ಮಕ್ಕಳಲ್ಲಿ, ಹೆದರಿಕೆಗೆ ಸಂಬಂಧಿಸಿದ ಮೆದುಳಿನ ಭಾಗವಾದ ಅಮಿಗ್ಡಲಾ ಹೆಚ್ಚು ಚುರುಕಾಗುವುದನ್ನು ಇದೇ ಪ್ರಯೋಗಾಲಯ 2012ರಲ್ಲಿ ತೋರಿಸಿತ್ತು. ಇಂಥದ್ದೇ ಎಂಟು ವಾರದ ಪಾಠದಿಂದ ಅದೂ ತಗ್ಗಿತು.

[ಪರದೆ: ಬರಿಯ ಹಿನ್ನೆಲೆ, ನಿರೂಪಕರು ನೇರ ಕ್ಯಾಮೆರಾಗೆ]

ಹಾಗಂತ ಮಗುವನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗಬೇಡಿ. ಈ ಚಿತ್ರಗಳು ಗುಂಪಿನ ಸರಾಸರಿ. ಒಂದು ಮಗುವಿಗೆ ಡಿಸ್ಕ್ಯಾಲ್ಕುಲಿಯಾ ಇದೆಯೋ ಇಲ್ಲವೋ ಎಂದು ಅವು ಹೇಳಲಾರವು. ಅದನ್ನು ಗುರುತಿಸುವುದು ಕಲಿಕೆಯ ತೊಂದರೆಗಳನ್ನು ಬಲ್ಲ ಮನಶ್ಶಾಸ್ತ್ರಜ್ಞರು, ಮಗುವಿನ ಜೊತೆ ಕೂತು ಲೆಕ್ಕ ಮಾಡಿಸಿ ನೋಡಿ. ಅನುಮಾನ ಬಂದರೆ ಮೊದಲು ಶಿಕ್ಷಕರ ಜೊತೆ ಮಾತಾಡಿ, ಆಮೇಲೆ ಅಂಥ ಮನಶ್ಶಾಸ್ತ್ರಜ್ಞರನ್ನು ಕಾಣಿ.